ಡ್ರಾಫ್ಟ್‌ನಲ್ಲಿ ಮೇಲೇರುವ ವ್ಯಾಪಾರ: ಹೊಸದಾಗಿ ಕಟ್ಟುವ ತಂಡಕ್ಕೆ ಲಾಭವೇ, ನಷ್ಟವೇ?

ಹಾಕಿ ಎಂದೊಡನೆ ನಮ್ಮ ನಾಡಿನವರಿಗೆ ನೆನಪಾಗುವುದು ಕೊಡಗಿನ ಮೈದಾನಗಳು. ಆದರೆ ಅಮೆರಿಕ ಮತ್ತು ಕೆನಡಾಗಳಲ್ಲಿ ಹಾಕಿ ಎಂದರೆ ಹಿಮದ ಹಾಸಿನ ಮೇಲೆ ಆಡುವ ಐಸ್ ಹಾಕಿ. ಅಲ್ಲಿನ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಜಗತ್ತಿನ ಅತ್ಯಂತ ಪ್ರಬಲ ಐಸ್ ಹಾಕಿ ಲೀಗ್ ಎನಿಸಿದೆ. ಈ ಲೀಗ್‌ನಲ್ಲಿ ಸೋತು ಸುಣ್ಣವಾದ ತಂಡವೊಂದು ಮತ್ತೆ ತಲೆಯೆತ್ತಬೇಕಾದರೆ ಅದರ ಮುಂದಿರುವ ಮುಖ್ಯ ದಾರಿ ಡ್ರಾಫ್ಟ್, ಅಂದರೆ ಯುವ ಆಟಗಾರರ ವಾರ್ಷಿಕ ಆಯ್ಕೆ.

ಆ ಆಯ್ಕೆಯಲ್ಲಿ ತನ್ನ ಸರದಿ ಬರುವವರೆಗೆ ಕಾಯಬೇಕೇ, ಅಥವಾ ಕೈಯಲ್ಲಿರುವ ಎರಡು ಮೂರು ಸರದಿಗಳನ್ನು ಬಿಟ್ಟುಕೊಟ್ಟು ಮುಂದಿನ ಸರದಿಯೊಂದನ್ನು ಕೊಳ್ಳಬೇಕೇ? ಪ್ರತಿವರ್ಷ ಡ್ರಾಫ್ಟ್ ಸಮೀಪಿಸುತ್ತಿದ್ದಂತೆ ಈ ಪ್ರಶ್ನೆ ಏಳುತ್ತದೆ. ತಪ್ಪು ತೀರ್ಮಾನದ ಬೆಲೆಯನ್ನು ತಂಡವೂ ಅದರ ಅಭಿಮಾನಿಗಳೂ ವರ್ಷಗಟ್ಟಲೆ ತೆರಬೇಕಾಗುತ್ತದೆ. ಈ ಪ್ರಶ್ನೆಯ ಒಳಹೊರಗನ್ನು ನೈಜ ಉದಾಹರಣೆಗಳೊಂದಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಡ್ರಾಫ್ಟ್ ನಡೆಯುವ ಬಗೆ

ಎನ್‌ಎಚ್‌ಎಲ್ ಡ್ರಾಫ್ಟ್ ಆರಂಭವಾದದ್ದು 1963ರಲ್ಲಿ, ಕೆನಡಾದ ಮಾಂಟ್ರಿಯಲ್ ನಗರದಲ್ಲಿ. ಈಗ ಲೀಗ್‌ನಲ್ಲಿ 32 ತಂಡಗಳಿದ್ದು, ಡ್ರಾಫ್ಟ್ 7 ಸುತ್ತುಗಳಲ್ಲಿ ನಡೆಯುತ್ತದೆ. ಆಯ್ಕೆಯಾಗುವವರಲ್ಲಿ ಹೆಚ್ಚಿನವರು 18 ವರ್ಷದ ಹುಡುಗರು. ಐಪಿಎಲ್ ಹರಾಜಿನಲ್ಲಿ ಹಣ ಹೆಚ್ಚು ಕೂಗಿದವರಿಗೆ ಆಟಗಾರ ದಕ್ಕುತ್ತಾನೆ. ಡ್ರಾಫ್ಟ್‌ನಲ್ಲಿ ಹಾಗಲ್ಲ. ಅಲ್ಲಿ ಸರದಿ ಬಂದಾಗ ತಂಡವು ಒಬ್ಬ ಆಟಗಾರನ ಹೆಸರು ಹೇಳುತ್ತದೆ, ಆತನ ಹಕ್ಕು ಆ ತಂಡಕ್ಕೆ ಸೇರುತ್ತದೆ.

ಹಿಂದಿನ ಋತುವಿನಲ್ಲಿ ಕೆಳಗುಳಿದ ತಂಡಗಳಿಗೆ ಸರದಿ ಮೊದಲು ಬರುತ್ತದೆ. ಮೊದಲ ಸ್ಥಾನಕ್ಕಾಗಿ ಬೇಕೆಂದೇ ಸೋಲುವ ಚಾಳಿಯನ್ನು ತಡೆಯಲು 1995ರಿಂದ ಲಾಟರಿ ಪದ್ಧತಿ ಜಾರಿಯಲ್ಲಿದೆ. 2022ರಿಂದ ಜಾರಿಗೆ ಬಂದ ನಿಯಮದಂತೆ ಲಾಟರಿ ಗೆದ್ದ ತಂಡ ಗರಿಷ್ಠ 10 ಸ್ಥಾನ ಮಾತ್ರ ಮೇಲೇರಬಹುದು. ಕಟ್ಟಕಡೆಯ ತಂಡಕ್ಕೆ ಮೊದಲ ಸರದಿ ದೊರೆಯುವ ಸಾಧ್ಯತೆ ಶೇಕಡಾ 25.5 ಮಾತ್ರ. ಆದರೆ ಅದು ಮೂರನೆಯ ಸರದಿಗಿಂತ ಕೆಳಗಿಳಿಯುವುದಿಲ್ಲ.

ಈ ಸರದಿಗಳನ್ನು ತಂಡಗಳು ಪರಸ್ಪರ ವಿನಿಮಯ ಮಾಡಿಕೊಳ್ಳಬಹುದು. ಕೆಳಗಿನ ಸರದಿಯ ಜೊತೆಗೆ ಇನ್ನೊಂದೆರಡು ಸರದಿಗಳನ್ನೋ ಒಬ್ಬ ಆಟಗಾರನನ್ನೋ ಸೇರಿಸಿ ಕೊಟ್ಟು ಮೇಲಿನ ಸರದಿಯನ್ನು ಪಡೆಯುವುದೇ 'ಮೇಲೇರುವ ವ್ಯಾಪಾರ'. ಎದುರಿನ ತಂಡದ ದೃಷ್ಟಿಯಲ್ಲಿ ಅದು 'ಕೆಳಗಿಳಿಯುವ ವ್ಯಾಪಾರ'.

ಪುನರ್ನಿರ್ಮಾಣಕ್ಕೂ ಡ್ರಾಫ್ಟ್‌ಗೂ ಏನು ನಂಟು?

2004-05ರ ಋತು ಮಾಲೀಕರ ಬೀಗಮುದ್ರೆಯಿಂದ ಸಂಪೂರ್ಣ ರದ್ದಾದ ಬಳಿಕ ಲೀಗ್‌ನಲ್ಲಿ ವೇತನ ಮಿತಿ ಜಾರಿಗೆ ಬಂತು. ಎಷ್ಟೇ ಶ್ರೀಮಂತ ತಂಡವಾದರೂ ಆಟಗಾರರ ಸಂಬಳಕ್ಕೆ ನಿಗದಿತ ಮೊತ್ತವನ್ನು ಮೀರಿ ಖರ್ಚು ಮಾಡುವಂತಿಲ್ಲ. ಹಾಗಾಗಿ ಹಣ ಚೆಲ್ಲಿ ತಾರೆಯರನ್ನು ಗುಡ್ಡೆ ಹಾಕುವ ಹಳೆಯ ದಾರಿ ಮುಚ್ಚಿತು.

ಡ್ರಾಫ್ಟ್ ಮೂಲಕ ಬಂದ ಹದಿನೆಂಟರ ಹುಡುಗನಿಗೆ ಮೊದಲ ಒಪ್ಪಂದ ಮೂರು ವರ್ಷದ್ದು. ಅದರ ಮೂಲ ಸಂಬಳಕ್ಕೂ ಮಿತಿಯಿದೆ. ಆತನಿಗೆ 27 ವರ್ಷ ತುಂಬುವವರೆಗೆ ಅಥವಾ ಲೀಗ್‌ನಲ್ಲಿ ಏಳು ಋತು ಪೂರೈಸುವವರೆಗೆ ಆತನ ಹಕ್ಕು ತಂಡದ ಕೈಯಲ್ಲಿರುತ್ತದೆ. ಅಗ್ಗದ ದರದಲ್ಲಿ ದೀರ್ಘಕಾಲ ಪ್ರತಿಭೆಯನ್ನು ಉಳಿಸಿಕೊಳ್ಳುವ ಅವಕಾಶ ಇದೊಂದೇ. ಆದ್ದರಿಂದಲೇ ತಂಡವನ್ನು ಹೊಸದಾಗಿ ಕಟ್ಟಲು ಹೊರಟವರು ಹಿರಿಯ ಆಟಗಾರರನ್ನು ಮಾರಿ ಡ್ರಾಫ್ಟ್ ಸರದಿಗಳನ್ನು ಕೂಡಿಹಾಕುತ್ತಾರೆ. ಕೂಡಿಹಾಕಿದ್ದನ್ನು ಹೇಗೆ ಖರ್ಚು ಮಾಡಬೇಕೆಂಬಲ್ಲಿಯೇ ತೊಡಕು ಎದುರಾಗುತ್ತದೆ.

ಡೆಟ್ರಾಯಿಟ್‌ನ ಪಾಠ

ಈ ತೊಡಕನ್ನು ಅರಿಯಲು ಡೆಟ್ರಾಯಿಟ್ ರೆಡ್ ವಿಂಗ್ಸ್ ತಂಡದ ಕಥೆಗಿಂತ ಉತ್ತಮ ಉದಾಹರಣೆ ವಿರಳ. 1991ರಿಂದ 2016ರವರೆಗೆ ಸತತ 25 ಬಾರಿ ಪ್ಲೇ ಆಫ್ ತಲುಪಿದ್ದ, ಆ ಅವಧಿಯಲ್ಲಿ ನಾಲ್ಕು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದಿದ್ದ ತಂಡವದು. ನಂತರ 2024-25ರ ಋತುವಿನವರೆಗೆ ಸತತ ಒಂಬತ್ತು ವರ್ಷ ಪ್ಲೇ ಆಫ್ ಮುಖವನ್ನೇ ಕಾಣಲಿಲ್ಲ.

2013ರ ಡ್ರಾಫ್ಟ್‌ನಲ್ಲಿ ಡೆಟ್ರಾಯಿಟ್ ಕೆಳಗಿಳಿಯುವ ವ್ಯಾಪಾರ ಮಾಡಿತ್ತು. 18ನೆಯ ಸರದಿಯನ್ನು ಸ್ಯಾನ್ ಹೋಸೆ ಶಾರ್ಕ್ಸ್ ತಂಡಕ್ಕೆ ಕೊಟ್ಟು 20 ಮತ್ತು 58ನೆಯ ಸರದಿಗಳನ್ನು ಪಡೆಯಿತು. ಸ್ಯಾನ್ ಹೋಸೆ ಆರಿಸಿದ ರಕ್ಷಣಾ ಆಟಗಾರ ಮಿರ್ಕೊ ಮ್ಯುಲ್ಲರ್ ಲೀಗ್‌ನಲ್ಲಿ ಭದ್ರವಾಗಿ ನೆಲೆಯೂರಲಿಲ್ಲ. ಡೆಟ್ರಾಯಿಟ್‌ಗೆ 20ನೆಯ ಸರದಿಯಲ್ಲಿ ಆಂಥೋನಿ ಮಾಂಥಾ, 58ನೆಯ ಸರದಿಯಲ್ಲಿ ಟೈಲರ್ ಬರ್ಟುಜಿ ದೊರೆತರು. ಇಬ್ಬರೂ ವರ್ಷಗಟ್ಟಲೆ ತಂಡದ ಪ್ರಮುಖ ಮುನ್ನಡೆ ಆಟಗಾರರಾದರು. ಬರ್ಟುಜಿ 2021-22ರಲ್ಲಿ 30 ಗೋಲು ಹೊಡೆದರು.

2021ರ ಏಪ್ರಿಲ್‌ನಲ್ಲಿ ಮಾಂಥಾ ಅವರನ್ನು ವಾಷಿಂಗ್ಟನ್ ತಂಡಕ್ಕೆ ಬಿಟ್ಟುಕೊಡಲಾಯಿತು. ಪ್ರತಿಯಾಗಿ ಇಬ್ಬರು ಆಟಗಾರರೊಂದಿಗೆ ಒಂದು ಮೊದಲ ಸುತ್ತಿನ ಹಾಗೂ ಒಂದು ಎರಡನೆಯ ಸುತ್ತಿನ ಸರದಿ ಬಂತು. ಆ ಮೊದಲ ಸುತ್ತಿನ ಸರದಿಯೇ ಅದೇ ವರ್ಷದ 23ನೆಯ ಸರದಿ. ಅಲ್ಲಿಯವರೆಗೆ ಲೆಕ್ಕ ಸರಿಯಾಗಿಯೇ ಇತ್ತು.

ಆದರೆ 2021ರ ಜುಲೈನಲ್ಲಿ ನಡೆದ ಡ್ರಾಫ್ಟ್‌ನಲ್ಲಿ ಡೆಟ್ರಾಯಿಟ್ ಮೇಲೇರಲು ನಿರ್ಧರಿಸಿತು. 23, 48 ಮತ್ತು 138ನೆಯ ಸರದಿಗಳನ್ನು ಡಲ್ಲಾಸ್ ಸ್ಟಾರ್ಸ್ ತಂಡಕ್ಕೆ ಕೊಟ್ಟು 15ನೆಯ ಸರದಿಯನ್ನು ಪಡೆದು, ಎತ್ತರದ ನಿಲುವಿನ ಗೋಲ್‌ಕೀಪರ್ ಸೆಬಾಸ್ಟಿಯನ್ ಕೋಸಾ ಅವರನ್ನು ಆರಿಸಿತು. ಡಲ್ಲಾಸ್ 23ನೆಯ ಸರದಿಯಲ್ಲಿ ವ್ಯಾಟ್ ಜಾನ್‌ಸ್ಟನ್ ಎಂಬ ಮುನ್ನಡೆ ಆಟಗಾರನ ಹೆಸರು ಹೇಳಿತು.

ಜಾನ್‌ಸ್ಟನ್ 2022-23ರಲ್ಲಿ ತಮ್ಮ ಮೊದಲ ಋತುವಿನಲ್ಲೇ 24 ಗೋಲು, ಮರುವರ್ಷ 32 ಗೋಲು ಹೊಡೆದರು. 2023, 2024, 2025ರಲ್ಲಿ ಸತತ ಮೂರು ಬಾರಿ ಡಲ್ಲಾಸ್ ಪಶ್ಚಿಮ ವಿಭಾಗದ ಅಂತಿಮ ಹಣಾಹಣಿಗೆ ತಲುಪಿತು. 48ನೆಯ ಸರದಿಯಲ್ಲಿ ಡಲ್ಲಾಸ್ ಆರಿಸಿದ ಆರ್ಟೆಮ್ ಗ್ರುಷ್ನಿಕೋವ್ ಅವರನ್ನು 2024ರಲ್ಲಿ ಕ್ಯಾಲ್ಗರಿಗೆ ಬಿಟ್ಟುಕೊಟ್ಟು, ಅನುಭವಿ ರಕ್ಷಣಾ ಆಟಗಾರ ಕ್ರಿಸ್ ಟಾನೆವ್ ಅವರನ್ನು ಕರೆತರುವ ವ್ಯವಹಾರದಲ್ಲಿ ಬಳಸಿಕೊಳ್ಳಲಾಯಿತು. ಹೆಚ್ಚುವರಿ ಸರದಿಯೊಂದು ಆಟಗಾರನಾಗಿ ಫಲಿಸದಿದ್ದರೂ ನಾಣ್ಯವಾಗಿ ಚಲಾವಣೆಯಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಇತ್ತ ಕೋಸಾ ಲೀಗ್‌ನಲ್ಲಿ ಮೊದಲ ಪಂದ್ಯ ಆಡಿದ್ದು 2024ರ ಡಿಸೆಂಬರ್‌ನಲ್ಲಿ. 2025ರ ಜೂನ್‌ನಲ್ಲಿ ಡೆಟ್ರಾಯಿಟ್ ಮತ್ತೊಮ್ಮೆ ಡ್ರಾಫ್ಟ್ ಸರದಿಗಳನ್ನು ತೆತ್ತು ಅನಾಹೈಮ್‌ನಿಂದ ಹಿರಿಯ ಗೋಲ್‌ಕೀಪರ್ ಜಾನ್ ಗಿಬ್ಸನ್ ಅವರನ್ನು ಕರೆತರಬೇಕಾಯಿತು. ಗೋಲ್‌ಕೀಪರ್‌ಗಳು ತಡವಾಗಿ ಮಾಗುತ್ತಾರೆ, ಆದ್ದರಿಂದ ಕೋಸಾ ವಿಷಯದಲ್ಲಿ ಕೊನೆಯ ಮಾತು ಆಡಲಾಗದು. ಆದರೆ ಆ ನಾಲ್ಕು ವರ್ಷಗಳಲ್ಲಿ ಡಲ್ಲಾಸ್‌ಗೆ ದಕ್ಕಿದ್ದು ಡೆಟ್ರಾಯಿಟ್‌ಗೆ ದಕ್ಕಲಿಲ್ಲ ಎಂಬುದಂತೂ ನಿಜ.

ಇದರಲ್ಲಿ ಅದೃಷ್ಟದ ಪಾತ್ರವನ್ನು ಮರೆಯುವಂತಿಲ್ಲ. ಕೋವಿಡ್ ಕಾರಣದಿಂದ ಒಂಟಾರಿಯೊ ಹಾಕಿ ಲೀಗ್‌ನ 2020-21ರ ಋತು ಸಂಪೂರ್ಣ ರದ್ದಾಗಿತ್ತು. ಜಾನ್‌ಸ್ಟನ್ ಆಡುತ್ತಿದ್ದುದು ಅದೇ ಲೀಗ್‌ನಲ್ಲಿ. ಆತನ ಆಟವನ್ನು ಇಡೀ ವರ್ಷ ಸರಿಯಾಗಿ ನೋಡಲು ಯಾರಿಗೂ ಸಾಧ್ಯವಿರಲಿಲ್ಲ. ಆದರೆ ಈ ಮಾತು ಮೇಲೇರುವ ವ್ಯಾಪಾರದ ಪರವಾಗಿ ನಿಲ್ಲುವುದಿಲ್ಲ. ಕಣ್ಣಿಗೆ ಮಂಜು ಕವಿದಿರುವಾಗ ಒಬ್ಬನ ಮೇಲೆ ಹೆಚ್ಚು ಸುರಿಯುವುದಕ್ಕಿಂತ ಹೆಚ್ಚು ಜನರನ್ನು ಆರಿಸಿಕೊಳ್ಳುವುದೇ ಕ್ಷೇಮಕರ.

ಮೇಲೇರಿ ಗೆದ್ದವರು

ಹಾಗೆಂದು ಮೇಲೇರಿದವರೆಲ್ಲ ಸೋತಿದ್ದಾರೆ ಎನ್ನುವಂತಿಲ್ಲ.

1999ರಲ್ಲಿ ವ್ಯಾಂಕೋವರ್ ಕನಕ್ಸ್ ತಂಡದ ಪ್ರಧಾನ ವ್ಯವಸ್ಥಾಪಕ ಬ್ರಯಾನ್ ಬರ್ಕ್ ಸ್ವೀಡನ್ನಿನ ಅವಳಿ ಸಹೋದರರಾದ ಡೇನಿಯಲ್ ಹಾಗೂ ಹೆನ್ರಿಕ್ ಸೆಡೀನ್ ಇಬ್ಬರನ್ನೂ ಪಡೆಯುವ ಹಟ ತೊಟ್ಟರು. ಅವರ ಬಳಿ 3ನೆಯ ಸರದಿ ಮಾತ್ರ ಇತ್ತು. ರಕ್ಷಣಾ ಆಟಗಾರ ಬ್ರಯಾನ್ ಮೆಕೇಬ್ ಜೊತೆಗೆ ಮುಂದಿನ ಒಂದು ಮೊದಲ ಸುತ್ತಿನ ಸರದಿಯನ್ನು ಶಿಕಾಗೊಗೆ ಕೊಟ್ಟು 4ನೆಯ ಸರದಿ ಪಡೆದರು. ಅದಕ್ಕೆ ಎರಡು ಮೂರನೆಯ ಸುತ್ತಿನ ಸರದಿಗಳನ್ನು ಸೇರಿಸಿ ಟ್ಯಾಂಪಾ ಬೇ ತಂಡದಿಂದ ಮೊದಲ ಸರದಿ ಕೊಂಡರು. ಬಳಿಕ ಅಟ್ಲಾಂಟಾದೊಂದಿಗೆ ಮೊದಲ ಸರದಿಯನ್ನು ಎರಡನೆಯದಕ್ಕೆ ಬದಲಿಸಿಕೊಂಡರು. 2 ಮತ್ತು 3ನೆಯ ಸರದಿಗಳಲ್ಲಿ ಸಹೋದರರಿಬ್ಬರೂ ವ್ಯಾಂಕೋವರ್ ಪಾಲಾದರು. ಹೆನ್ರಿಕ್ 2010ರಲ್ಲಿ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿ ಪಡೆದರು. ತಂಡ 2011ರಲ್ಲಿ ಸ್ಟ್ಯಾನ್ಲಿ ಕಪ್ ಫೈನಲ್ ತಲುಪಿತು. ಇಬ್ಬರೂ 2022ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದರು.

2003ರಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡ ಫ್ಲಾರಿಡಾದೊಂದಿಗೆ ವ್ಯವಹರಿಸಿ 3ರಿಂದ 1ನೆಯ ಸರದಿಗೆ ಏರಿ ಗೋಲ್‌ಕೀಪರ್ ಮಾರ್ಕ್ ಆಂಡ್ರೆ ಫ್ಲೂರಿ ಅವರನ್ನು ಆರಿಸಿತು. 2009ರ ಸ್ಟ್ಯಾನ್ಲಿ ಕಪ್ ಫೈನಲ್‌ನ ಏಳನೆಯ ಪಂದ್ಯದ ಕೊನೆಯ ಕ್ಷಣದಲ್ಲಿ ಡೆಟ್ರಾಯಿಟ್‌ನ ನಿಕ್ಲಾಸ್ ಲಿಡ್‌ಸ್ಟ್ರೋಮ್ ಬಾರಿಸಿದ ಹೊಡೆತವನ್ನು ಮೈಯೊಡ್ಡಿ ತಡೆದವರು ಇದೇ ಫ್ಲೂರಿ. ಆದರೆ ಪಿಟ್ಸ್‌ಬರ್ಗ್ 2004ರಲ್ಲಿ ಎವ್ಗೆನಿ ಮಾಲ್ಕಿನ್, 2005ರಲ್ಲಿ ಸಿಡ್ನಿ ಕ್ರಾಸ್ಬಿ ಅವರನ್ನೂ ಡ್ರಾಫ್ಟ್‌ನಲ್ಲಿ ಪಡೆದಿತ್ತು ಎಂಬುದನ್ನು ಜೊತೆಗೇ ನೆನೆಯಬೇಕು. ಕಪ್ ಬಂದದ್ದು ಒಬ್ಬನಿಂದಲ್ಲ.

ಅದೇ 2003ರಲ್ಲಿ ಅನಾಹೈಮ್ ತಂಡ 36 ಮತ್ತು 54ನೆಯ ಸರದಿಗಳನ್ನು ಡಲ್ಲಾಸ್‌ಗೆ ಕೊಟ್ಟು 28ನೆಯ ಸರದಿಯಲ್ಲಿ ಕೋರಿ ಪೆರಿ ಅವರನ್ನು ಆರಿಸಿತು. 2007ರಲ್ಲಿ ಅನಾಹೈಮ್ ಕಪ್ ಗೆದ್ದಿತು, 2011ರಲ್ಲಿ ಪೆರಿ 50 ಗೋಲು ಹೊಡೆದು ಹಾರ್ಟ್ ಟ್ರೋಫಿ ಪಡೆದರು. 2008ರಲ್ಲಿ ಒಟ್ಟಾವಾ ಸೆನೆಟರ್ಸ್ 18ರಿಂದ 15ಕ್ಕೆ ಏರಲು ಕೊಟ್ಟ ಹೆಚ್ಚುವರಿ ಬೆಲೆ ಮರುವರ್ಷದ ಒಂದು ಮೂರನೆಯ ಸುತ್ತಿನ ಸರದಿ ಮಾತ್ರ. ದೊರೆತವರು ಎರಿಕ್ ಕಾರ್ಲ್‌ಸನ್. ಶ್ರೇಷ್ಠ ರಕ್ಷಣಾ ಆಟಗಾರನಿಗೆ ಸಲ್ಲುವ ನಾರಿಸ್ ಟ್ರೋಫಿಯನ್ನು ಅವರು ಮೂರು ಬಾರಿ ಗೆದ್ದರು.

ಮೇಲೇರಿಯೂ ಮೇಲೇಳದವರು

2002ರಲ್ಲಿ ಕೊಲಂಬಸ್ ಬ್ಲೂ ಜಾಕೆಟ್ಸ್ 3ರಿಂದ 1ಕ್ಕೆ ಏರಿ ರಿಕ್ ನ್ಯಾಶ್ ಅವರನ್ನು ಆರಿಸಿತು. ಆಟಗಾರನ ಆಯ್ಕೆಯಲ್ಲಿ ತಪ್ಪಿರಲಿಲ್ಲ. 2003-04ರಲ್ಲಿ 41 ಗೋಲು ಹೊಡೆದು ನ್ಯಾಶ್ ಲೀಗ್‌ನ ಅಗ್ರ ಗೋಲುಗಾರರಲ್ಲಿ ಒಬ್ಬರಾದರು. ಆದರೆ ಅವರ ಸುತ್ತ ತಂಡ ಬೆಳೆಯಲಿಲ್ಲ. ಕೊಲಂಬಸ್ ಮೊದಲ ಬಾರಿ ಪ್ಲೇ ಆಫ್ ತಲುಪಿದ್ದು 2009ರಲ್ಲಿ. ಅಲ್ಲಿಯೂ ಡೆಟ್ರಾಯಿಟ್ ಎದುರು ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಿತು. 2012ರಲ್ಲಿ ನ್ಯಾಶ್ ನ್ಯೂಯಾರ್ಕ್‌ಗೆ ಹೊರಟುಹೋದರು.

2008ರಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ 7ರಿಂದ 5ಕ್ಕೆ ಏರಿ ರಕ್ಷಣಾ ಆಟಗಾರ ಲೂಕ್ ಶೆನ್ ಅವರನ್ನು ಪಡೆಯಿತು. ಎರಡು ಸ್ಥಾನ ಏರಲು ಕೊಟ್ಟ ಹೆಚ್ಚುವರಿ ಬೆಲೆ ಒಂದು ಎರಡನೆಯ ಸುತ್ತಿನ ಹಾಗೂ ಒಂದು ಮೂರನೆಯ ಸುತ್ತಿನ ಸರದಿ. ಟೊರಾಂಟೊ ಮತ್ತೆ ಪ್ಲೇ ಆಫ್ ಕಂಡಿದ್ದು 2013ರಲ್ಲಿ. ಅಷ್ಟರಲ್ಲಿ ಶೆನ್ ಫಿಲಡೆಲ್ಫಿಯಾಕ್ಕೆ ವರ್ಗವಾಗಿದ್ದರು. ದೀರ್ಘಕಾಲ ಆಡಿದ ಅವರು 2020 ಮತ್ತು 2021ರಲ್ಲಿ ಕಪ್ ಗೆದ್ದದ್ದು ಟ್ಯಾಂಪಾ ಬೇ ಪರವಾಗಿ. ಈ ವ್ಯವಹಾರದ ಇನ್ನೊಂದು ತುದಿಯಲ್ಲಿದ್ದ ನ್ಯೂಯಾರ್ಕ್ ಐಲ್ಯಾಂಡರ್ಸ್ ಮತ್ತೊಮ್ಮೆ 7ರಿಂದ 9ಕ್ಕೆ ಇಳಿದು, ಇನ್ನೊಂದು ಎರಡನೆಯ ಸುತ್ತಿನ ಸರದಿ ಸಂಪಾದಿಸಿ, ಜಾಶ್ ಬೇಲಿ ಅವರನ್ನು ಆರಿಸಿತು. ಬೇಲಿ ಆ ತಂಡದ ಪರ ಸಾವಿರಕ್ಕೂ ಹೆಚ್ಚು ಪಂದ್ಯ ಆಡಿದರು.

ಲೆಕ್ಕಾಚಾರ ಏನು ಹೇಳುತ್ತದೆ?

ಸೇಂಟ್ ಲಾರೆನ್ಸ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಮೈಕೆಲ್ ಶುಕರ್ಸ್ 2011ರಲ್ಲಿ ಎನ್‌ಎಚ್‌ಎಲ್ ಡ್ರಾಫ್ಟ್ ಸರದಿಗಳ ಮೌಲ್ಯಪಟ್ಟಿಯೊಂದನ್ನು ಪ್ರಕಟಿಸಿದರು. ಇಂತಹ ಪಟ್ಟಿಗಳ ಒಟ್ಟು ಚಿತ್ರ ಒಂದೇ. ಮೊದಲ ಕೆಲವು ಸರದಿಗಳ ಮೌಲ್ಯ ಬಹಳ ಹೆಚ್ಚು, ಅಲ್ಲಿಂದ ಅದು ಕಡಿದಾಗಿ ಇಳಿಯುತ್ತದೆ, ಮುಂದೆ ಹೋದಂತೆ ಬಹುತೇಕ ಸಮತಟ್ಟಾಗುತ್ತದೆ. ಅಂದರೆ 3ರಿಂದ 1ಕ್ಕೆ ಏರುವುದಕ್ಕೂ 23ರಿಂದ 15ಕ್ಕೆ ಏರುವುದಕ್ಕೂ ಅಜಗಜಾಂತರವಿದೆ.

ಅಮೆರಿಕನ್ ಫುಟ್‌ಬಾಲ್ ಡ್ರಾಫ್ಟ್ ಕುರಿತು ಕೇಡ್ ಮ್ಯಾಸಿ ಹಾಗೂ ಮುಂದೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ತಂಡಗಳು ಮೇಲಿನ ಸರದಿಗಳಿಗೆ ಅತಿಯಾದ ಬೆಲೆ ತೆರುತ್ತವೆ, ಅದಕ್ಕೆ ಕಾರಣ ತಮ್ಮ ಅಂದಾಜಿನ ಮೇಲಿನ ಅತಿಯಾದ ವಿಶ್ವಾಸ ಎಂಬುದು ಅವರ ನಿಲುವು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ನಂತರ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಾಧ್ಯತೆ ಅರ್ಧಕ್ಕಿಂತ ತುಸು ಮಾತ್ರ ಹೆಚ್ಚು ಎಂದು ಅವರು ಕಂಡುಕೊಂಡರು. ಐಸ್ ಹಾಕಿಯಲ್ಲಿ ಆಯ್ಕೆಯಾಗುವವರು ಇನ್ನೂ ಚಿಕ್ಕವರು. ಹದಿನೆಂಟರ ಹುಡುಗ ಇಪ್ಪತ್ತೈದರಲ್ಲಿ ಏನಾಗುತ್ತಾನೆಂದು ಈಗಲೇ ಗಟ್ಟಿಯಾಗಿ ಹೇಳುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ಗೋಲ್‌ಕೀಪರ್‌ಗಳ ವಿಷಯದಲ್ಲಂತೂ ಈ ಮಾತು ಇನ್ನಷ್ಟು ನಿಜ. ಶ್ರೇಷ್ಠ ಗೋಲ್‌ಕೀಪರ್‌ಗೆ ಸಲ್ಲುವ ವೆಜಿನಾ ಟ್ರೋಫಿ ಪಡೆದ ಹೆನ್ರಿಕ್ ಲುಂಡ್‌ಕ್ವಿಸ್ಟ್ ಆಯ್ಕೆಯಾದದ್ದು 2000ದಲ್ಲಿ, 205ನೆಯ ಸರದಿಯಲ್ಲಿ. ಕಾನರ್ ಹೆಲೆಬಕ್ 2012ರಲ್ಲಿ 130ನೆಯವರಾಗಿ, ಇಗೋರ್ ಶೆಸ್ಟರ್‌ಕಿನ್ 2014ರಲ್ಲಿ 118ನೆಯವರಾಗಿ ಆಯ್ಕೆಯಾದರು. 19ನೆಯ ಸರದಿಯಲ್ಲಿ ಬಂದ ಆಂಡ್ರೇ ವಸಿಲೆವ್‌ಸ್ಕಿ ಅವರಂತಹ ಅಪವಾದಗಳೂ ಇವೆ. 2021ರಲ್ಲಿ ಕೋಸಾ ಆಯ್ಕೆಯಾದ ಬಳಿಕವೂ ಹೆಸರುವಾಸಿ ಯುವ ಗೋಲ್‌ಕೀಪರ್ ಯೆಸ್ಪರ್ ವಾಲ್‌ಸ್ಟೆಟ್ ಉಳಿದಿದ್ದರು. ಮಿನೆಸೋಟ ತಂಡ 22 ಮತ್ತು 90ನೆಯ ಸರದಿಗಳನ್ನು ಎಡ್ಮಂಟನ್‌ಗೆ ಕೊಟ್ಟು 20ನೆಯ ಸರದಿಯಲ್ಲಿ ಅವರನ್ನು ಪಡೆಯಿತು.

ಒಬ್ಬರೇ ವ್ಯವಸ್ಥಾಪಕ, ಎರಡು ವ್ಯಾಪಾರ

2021ರಲ್ಲಿ ಡೆಟ್ರಾಯಿಟ್‌ನ ತೀರ್ಮಾನ ಕೈಗೊಂಡ ಪ್ರಧಾನ ವ್ಯವಸ್ಥಾಪಕ ಸ್ಟೀವ್ ಐಜರ್‌ಮನ್ ಅನನುಭವಿಯೇನಲ್ಲ. 2010ರಿಂದ 2018ರವರೆಗೆ ಟ್ಯಾಂಪಾ ಬೇ ತಂಡವನ್ನು ಕಟ್ಟಿದವರು ಅವರೇ. ಆ ಅವಧಿಯಲ್ಲಿ 2011ರಲ್ಲಿ 58ನೆಯ ಸರದಿಯಲ್ಲಿ ನಿಕಿಟಾ ಕುಚೆರೋವ್ ದೊರೆತರು. 2014ರಲ್ಲಿ ಐಜರ್‌ಮನ್ 80ರಿಂದ 79ಕ್ಕೆ, ಅಂದರೆ ಒಂದೇ ಒಂದು ಸ್ಥಾನ ಏರಿದರು. ಮಿನೆಸೋಟಗೆ ಅದಕ್ಕಾಗಿ ಕೊಟ್ಟ ಹೆಚ್ಚುವರಿ ಬೆಲೆ ಮರುವರ್ಷದ ಏಳನೆಯ ಸುತ್ತಿನ ಸರದಿ. ಹೀಗೆ ಬಂದ ಬ್ರೇಡನ್ ಪಾಯಿಂಟ್ 2020 ಮತ್ತು 2021ರ ಪ್ಲೇ ಆಫ್‌ಗಳಲ್ಲಿ ತಲಾ 14 ಗೋಲು ಹೊಡೆದು, ಎರಡು ಬಾರಿಯೂ ಟ್ಯಾಂಪಾ ಬೇ ಕಪ್ ಎತ್ತಲು ನೆರವಾದರು.

ಎರಡೂ ಮೇಲೇರುವ ವ್ಯಾಪಾರಗಳೇ. ಆದರೆ ಪಾಯಿಂಟ್ ವಿಫಲರಾಗಿದ್ದರೆ ಟ್ಯಾಂಪಾ ಕಳೆದುಕೊಳ್ಳುತ್ತಿದ್ದುದು ಬಹುತೇಕ ಏನೂ ಇಲ್ಲ. ಡೆಟ್ರಾಯಿಟ್ ಕೊಟ್ಟದ್ದು ಮೊದಲ ಅರವತ್ತರೊಳಗಿನ ಎರಡು ಸರದಿಗಳನ್ನು. ಹೊಸದಾಗಿ ಕಟ್ಟುವ ತಂಡಕ್ಕೆ ಅದೇ ಬಂಡವಾಳ.

ಹಾಗಾದರೆ ಯಾವಾಗ ಮೇಲೇರಬೇಕು?

ಈ ಎಲ್ಲ ಉದಾಹರಣೆಗಳಿಂದ ಕೆಲವು ಮಾತುಗಳನ್ನು ತೆಗೆದುಕೊಳ್ಳಬಹುದು.

ಮೊದಲನೆಯದು, ಏರುವುದಾದರೆ ತುತ್ತತುದಿಯಲ್ಲಿ ಏರಬೇಕು. ಮೊದಲ ಎರಡು ಮೂರು ಸರದಿಗಳಲ್ಲಿ ತಂಡದ ದಿಕ್ಕನ್ನೇ ಬದಲಿಸಬಲ್ಲ ಆಟಗಾರ ಇದ್ದಾಗ ಬೆಲೆ ತೆರುವುದಕ್ಕೆ ಅರ್ಥವಿದೆ. ಆದರೆ ಅಂತಹ ಸರದಿಯನ್ನು ಮಾರಲು ಇತರ ತಂಡಗಳು ಒಪ್ಪುವುದು ಅಪರೂಪ.

ಎರಡನೆಯದು, ಮೊದಲ ಸುತ್ತಿನ ನಡುವೆ ಹಾಗೂ ನಂತರ ಏರುವುದಾದರೆ ಬೆಲೆ ಹಗುರವಾಗಿರಬೇಕು. ಕಾರ್ಲ್‌ಸನ್ ಮತ್ತು ಪಾಯಿಂಟ್ ಪ್ರಕರಣಗಳು ಇದನ್ನೇ ಹೇಳುತ್ತವೆ.

ಮೂರನೆಯದು, ಗೋಲ್‌ಕೀಪರ್‌ಗಾಗಿ ಏರುವ ಮುನ್ನ ನೂರು ಬಾರಿ ಯೋಚಿಸಬೇಕು.

ನಾಲ್ಕನೆಯದು, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ತಂಡದ ಬಳಿ ಸರದಿಗಳ ರಾಶಿಯೇ ಇದ್ದಾಗ ಒಂದನ್ನು ಬಿಟ್ಟುಕೊಡುವುದು ಹೊರೆಯಾಗದು. 2024ರಲ್ಲಿ ಸ್ಯಾನ್ ಹೋಸೆ ಮಾಡಿದ್ದು ಇದನ್ನೇ. ಹಿಂದಿನ ಋತುವಿನಲ್ಲಿ ಕಟ್ಟಕಡೆಯ ಸ್ಥಾನದಲ್ಲಿದ್ದ ಆ ತಂಡ ಮೊದಲ ಸರದಿಯಲ್ಲಿ ಮ್ಯಾಕ್ಲಿನ್ ಸೆಲೆಬ್ರಿನಿ ಅವರನ್ನು ಆರಿಸಿತು. ಬಳಿಕ 14 ಮತ್ತು 42ನೆಯ ಸರದಿಗಳನ್ನು ಬಫಲೊಗೆ ಕೊಟ್ಟು 11ನೆಯ ಸರದಿಯಲ್ಲಿ ರಕ್ಷಣಾ ಆಟಗಾರ ಸ್ಯಾಮ್ ಡಿಕಿನ್‌ಸನ್ ಅವರನ್ನು ಪಡೆಯಿತು. ಆ 14ನೆಯ ಸರದಿ ಬಂದದ್ದು ಕಾರ್ಲ್‌ಸನ್ ಅವರನ್ನು ಪಿಟ್ಸ್‌ಬರ್ಗ್‌ಗೆ ಬಿಟ್ಟುಕೊಟ್ಟ ವ್ಯವಹಾರದಿಂದ. ಇಷ್ಟಾದ ಮೇಲೂ ಸ್ಯಾನ್ ಹೋಸೆಯ ಕೈಯಲ್ಲಿ 33ನೆಯ ಸರದಿ ಉಳಿದಿತ್ತು. ಈ ವ್ಯಾಪಾರದ ಫಲ ತಿಳಿಯಲು ಇನ್ನೂ ವರ್ಷಗಳು ಬೇಕು. ಆದರೆ ಒಬ್ಬ ಆಟಗಾರ ಕೈಕೊಟ್ಟರೆ ಕುಸಿದುಬೀಳುವ ಸ್ಥಿತಿಯಲ್ಲಿ ತಂಡ ಇರಲಿಲ್ಲ.

ಐದನೆಯದು, ಏರಿಕೆಯೇ ಗುರಿಯಲ್ಲ. ಕೊಲಂಬಸ್‌ಗೆ ತಾರೆ ಸಿಕ್ಕಿದರು, ತಂಡ ಸಿಗಲಿಲ್ಲ.

ಒಟ್ಟಾರೆ ಹೇಳುವುದಾದರೆ, ಪುನರ್ನಿರ್ಮಾಣದ ಆರಂಭದ ವರ್ಷಗಳಲ್ಲಿರುವ ತಂಡಕ್ಕೆ ಸರದಿಗಳನ್ನು ಉಳಿಸಿಕೊಳ್ಳುವುದು, ಸಾಧ್ಯವಾದರೆ ಒಂದೆರಡು ಸ್ಥಾನ ಇಳಿದು ಇನ್ನಷ್ಟು ಸರದಿಗಳನ್ನು ಕೂಡಿಸುವುದೇ ವಿವೇಕದ ದಾರಿ. ಬುಡ ಭದ್ರವಾದ ಮೇಲೆ, ಯಾವ ಸ್ಥಾನದ ಆಟಗಾರ ಬೇಕೆಂಬುದು ನಿಚ್ಚಳವಾದ ಮೇಲೆ, ಹಗುರ ಬೆಲೆಗೆ ಮೇಲೇರಬಹುದು. ಒಂಬತ್ತು ವರ್ಷ ಕಾದ ಡೆಟ್ರಾಯಿಟ್‌ನ ಅಭಿಮಾನಿಗೆ 2013ರಲ್ಲಿ ಎರಡು ಸ್ಥಾನ ಇಳಿದು ಬಂದ ಲಾಭವೂ 2021ರಲ್ಲಿ ಎಂಟು ಸ್ಥಾನ ಏರಲು ತೆತ್ತ ಬೆಲೆಯೂ ಗೊತ್ತಿದೆ. ಮುಂದಿನ ಡ್ರಾಫ್ಟ್‌ನಲ್ಲಿ ಮೇಲೇರಲು ಹವಣಿಸುವ ಯಾವುದೇ ತಂಡ ಆ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳಿತು.